ವಿಷಯ 2: ಕುಡಿಯುವ ನೀರು

ಮೊಬೈಲಿನ ಮ್ಯಾಪಿನಲ್ಲಿ ಅರಸೀಕೆರೆ ಅಂತ ಹೊಡೆದರೆ ಅದು ನಿಮ್ಮನ್ನು ಸೀದಾ ಹಾಸನ ಜಿಲ್ಲೆಗೆ ಕರಕೊಂಡು ಹೋಗುತ್ತದೆ. ರೈಲ್ವೆ ಜಂಕ್ಷನ್ನು, ತೆಂಗು, ಕೊಬ್ಬರಿ ಮಾರುಕಟ್ಟೆ. ನಾನು ಹೇಳಹೊರಟಿರುವುದು ಆ ಅರಸೀಕೆರೆ ಬಗ್ಗೆ ಅಲ್ಲ. ಹರಪನಹಳ್ಳಿ ತಾಲೂಕಿನಲ್ಲಿ ಇನ್ನೊಂದು ಅರಸೀಕೆರೆ ಇದೆ. ಇಲ್ಲಿ ರೈಲಿಲ್ಲ. ಹೋಬಳಿ ಕೇಂದ್ರ, ಒಂದು ಕೋಲಶಾಂತೇಶ್ವರ ಮಠ, ಬಸ್ ಸ್ಟ್ಯಾಂಡಿನ ಸುತ್ತ ಅಂಗಡಿ ಸಾಲು, ಅದರಾಚೆ ಮಳೆ ನಂಬಿದ ಹೊಲ. ಹಳ್ಳಿ ಅಂದರೆ ಊರಿನವರಿಗೆ ಸಿಟ್ಟು ಬರುತ್ತದೆ, ಪಟ್ಟಣ ಅಂದರೆ ಹೊರಗಿನವರಿಗೆ ನಗು ಬರುತ್ತದೆ. ಅಂಥ ಅಳತೆಯ ಊರು.

ಈ ಊರಿನವರು ತಮ್ಮ ವಿಳಾಸ ವಿವರಿಸುವುದನ್ನು ಒಮ್ಮೆ ಕೇಳಬೇಕು. ತಾಲೂಕು ಹರಪನಹಳ್ಳಿ. ಜಿಲ್ಲೆ ವಿಜಯನಗರ, ಅಂದರೆ ಡಿಸಿ ಆಫೀಸಿನ ಕೆಲಸ ಇದ್ದರೆ ಹತ್ತಿರದ ದಾವಣಗೆರೆ ಬಿಟ್ಟು ದೂರದ ಹೊಸಪೇಟೆಗೆ ಹೋಗಬೇಕು. ಆದರೆ ಎಂಎಲ್ಎ ಓಟು ಹಾಕುವುದು ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ಕ್ಷೇತ್ರಕ್ಕೆ. ಅರಸೀಕೆರೆ ಹೋಬಳಿಯ ಏಳು ಗ್ರಾಮ ಪಂಚಾಯ್ತಿಗಳು ಹಾಗೆ ಜಗಳೂರಿಗೆ ಸೇರಿಕೊಂಡಿವೆ. ಎಂಪಿ ದಾವಣಗೆರೆಯವರು. ತಾಲೂಕು ಒಂದು ಕಡೆ, ಜಿಲ್ಲೆ ಇನ್ನೊಂದು ಕಡೆ, ಶಾಸಕರು ಮತ್ತೊಂದು ಕಡೆ.

1950ರಲ್ಲಿ ಇಲ್ಲಿ ಹುಟ್ಟಿ ಇಲ್ಲೇ ಬಾಳಿದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ. ಮೂರು ವರ್ಷ ತುಂಬಿದಾಗ, 1953ರ ಅಕ್ಟೋಬರ್ 1ರಂದು, ಊರು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. ಜಿಲ್ಲೆ ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ 371ಜೆ ಸೌಲಭ್ಯಕ್ಕಾಗಿ ಹೋರಾಡಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಅಜ್ಜಿ ಮನೆ ಬದಲಿಸಿಲ್ಲ, ಓಣಿ ಬದಲಿಸಿಲ್ಲ. ಆಕೆಯ ಊರಿನ ಆಫೀಸಿನ ರಬ್ಬರ್ ಸ್ಟಾಂಪು ಮಾತ್ರ ಮತ್ತೆ ಮತ್ತೆ ಬದಲಾಗಿದೆ.

ನಾವು ಶಾಲೆಯಲ್ಲಿ ಓದಿದ ಇತಿಹಾಸ ಆ ರಬ್ಬರ್ ಸ್ಟಾಂಪಿನ ಇತಿಹಾಸ. ಯಾವ ರಾಜ, ಯಾವ ರಾಜ್ಯ, ಯಾವ ಜಿಲ್ಲೆ. ನನಗೆ ಈಗ ಕುತೂಹಲ ಇರುವುದು ಸ್ಟಾಂಪು ಒತ್ತುವ ಆ ಕಾಗದದಲ್ಲಿ ಏನು ಬರೆದಿತ್ತು ಅನ್ನುವುದರ ಬಗ್ಗೆ.

ಈ ಕುತೂಹಲ ಹುಟ್ಟಿದ್ದೂ ತಮಾಷೆಯಾಗಿಯೇ. ಈ ಸೀಮೆಯ ಒಂದು ಪಂಚಾಯ್ತಿ ಆಫೀಸಿಗೆ ಸಂಬಂಧಿಕರ ಮನೆಯ ಇ-ಸ್ವತ್ತು ಕೆಲಸಕ್ಕೆ ಹೋಗಿದ್ದೆ. ಯಾವ ಊರು ಅಂತ ಬೇಡ ಬಿಡಿ. ನಮೂನೆ 9, ನಮೂನೆ 11ಎ ಇನ್ನೇನು ಪ್ರಿಂಟಾಗಬೇಕು, ಸರ್ವರ್ ಡೌನ್. ಕೂತೆ. ಮೇಜಿನ ಮೇಲೆ ದಪ್ಪ ರಟ್ಟಿನ ನಡಾವಳಿ ಪುಸ್ತಕ ಬಿದ್ದಿತ್ತು. ನೋಡಬಹುದಾ ಅಂತ ಕೇಳಿದೆ. "ನೋಡ್ರಿ, ಅದರಾಗ ಏನೈತಿ? ಬರೀ ನೀರು, ಲೈಟು" ಅಂದರು.

ಸರ್ವರ್ ಬರುವ ಹೊತ್ತಿಗೆ ನಾನು ಎರಡು ವರ್ಷದ ನಡಾವಳಿ ಓದಿ ಮುಗಿಸಿದ್ದೆ. ಅವರು ಹೇಳಿದ್ದು ನಿಜ. ಬರೀ ನೀರು, ಲೈಟು.

ಪಂಚಾಯ್ತಿ ನಡಾವಳಿಗೆ ಒಂದು ಧಾಟಿ ಇದೆ. ಯಾವ ಊರಿನ ಪುಸ್ತಕ ತೆಗೆದರೂ ಅದೇ. ಇಂಥ ದಿನ, ಇಂಥವರ ಅಧ್ಯಕ್ಷತೆಯಲ್ಲಿ, ಇಷ್ಟು ಗಂಟೆಗೆ, ಕೋರಂ ಇದ್ದುದರಿಂದ ಸಭೆ ಆರಂಭ. ವಿಷಯ 1: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಆಮೇಲೆ ಕುಡಿಯುವ ನೀರು. ಆಮೇಲೆ ಬೀದಿದೀಪ, ಚರಂಡಿ, ಜಮಾ-ಖರ್ಚು, ಕಂದಾಯ ವಸೂಲಿ, ಬಂದ ಅರ್ಜಿಗಳು. ಕೊನೆಗೆ "ಇತರೆ, ಅಧ್ಯಕ್ಷರ ಅಪ್ಪಣೆ ಮೇರೆಗೆ". ಪ್ರತಿ ವಿಷಯದ ಕೆಳಗೆ ಒಂದು ಸಾಲು: ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸೂಚಕರು ಇಂಥವರು, ಅನುಮೋದಕರು ಇಂಥವರು. ಅಂದು ಸಭೆಯಲ್ಲಿ ಯಾರು ಯಾರ ಕಾಲರ್ ಹಿಡಿದಿದ್ದರು ಅನ್ನೋದು ಆ "ಸುದೀರ್ಘ" ಅನ್ನುವ ಪದದೊಳಗೆ ಅಡಗಿ ಕೂತಿರುತ್ತದೆ.

ಇದು ಬೋರಿಂಗ್ ಓದು, ಒಪ್ಪುತ್ತೇನೆ. ಆದರೆ ಈ ಬೋರಿಂಗ್ ಪಟ್ಟಿಯನ್ನೇ ಹಿಡಿದು ಹಿಂದಕ್ಕೆ ನಡೆದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ನೋಡೋಣ.

*

ಹರಪನಹಳ್ಳಿ ಪಕ್ಕದಲ್ಲೇ ಬಾಗಳಿ ಇದೆ. ಕಲ್ಲೇಶ್ವರ ಗುಡಿ, ಕಡೆದು ಉಜ್ಜಿದ ಕಂಬಗಳ ಸಾಲು. ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದ ಗುಡಿ. ಅದರ ಆವರಣದಲ್ಲಿ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ಸಿಕ್ಕಿವೆ. ಆಗ ಈ ಸೀಮೆಯ ವಿಳಾಸವೇ ಬೇರೆ: ಕೋಗಳಿ ಐನೂರು, ಅದರ ಮೇಲೆ ನೊಳಂಬವಾಡಿ ಮೂವತ್ತೆರಡು ಸಾವಿರ. ಆ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಊರು. ನೊಳಂಬವಾಡಿ ಆಳಿದ ಪಾಂಡ್ಯರ ಉಚ್ಚಂಗಿ ಈಗ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗ.

ಆ ಕಾಲದ ಶಾಸನಗಳನ್ನು ಓದುವಾಗ ನಾವು ಮೇಲಿನ ಅರ್ಧದಲ್ಲೇ ನಿಂತುಬಿಡುತ್ತೇವೆ. ರಾಜನ ಬಿರುದು, ಅವನ ಪರಾಕ್ರಮ. ಕೆಳಗಿನ ಅರ್ಧದಲ್ಲಿ ಕೆಲಸದ ಮಾತು ಬರುತ್ತದೆ. ಅಗ್ರಹಾರವಾದರೆ ಮಹಾಜನರು, ಊರಾದರೆ ಗಾವುಂಡರು ಸೇರಿ ಒಪ್ಪಿದ ಸಂಗತಿ. ಕೆರೆಯ ಕೆಳಗೆ ಇಷ್ಟು ಮತ್ತರು ಗದ್ದೆ, ಅದರ ಗಡಿ ಪೂರ್ವಕ್ಕೆ ಈ ಕಲ್ಲು ಪಶ್ಚಿಮಕ್ಕೆ ಆ ಹಳ್ಳ, ಗಾಣಕ್ಕೆ ಇಷ್ಟು ಎಣ್ಣೆ, ಆ ಎಣ್ಣೆ ನಂದಾದೀವಿಗೆಗೆ, ಈ ಸುಂಕ ಬಿಟ್ಟಿದೆ, ಇದನ್ನು ಕಾಯುವವರು ಇಂಥವರು, ಕೆಡಿಸಿದವರಿಗೆ ಇಂಥ ಪಾಪ. ಈ ಒಪ್ಪಿಗೆಗೆ ಹಳೆಯ ಕನ್ನಡದ ಪದ "ಒಪ್ಪ". ಅದು ಸಮ್ಮತಿಯೂ ಹೌದು, ಸಹಿಯೂ ಹೌದು.

ಕೆರೆ, ದೀಪ, ತೆರಿಗೆ, ಗಡಿ. ಈಗಿನ ಪಂಚಾಯ್ತಿಯ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿ: ನೀರು, ಬೀದಿದೀಪ, ಕಂದಾಯ, ಇ-ಸ್ವತ್ತು. ಗುಡಿಯ ದೀಪ ಬೀದಿಗೆ ಬಂದಿದೆ, ಅಷ್ಟು ಬದಲಾವಣೆ ಆಗಿದೆ.

ಹಾಗಂತ "ನಮ್ಮ ಪೂರ್ವಿಕರ ಪ್ರಜಾಪ್ರಭುತ್ವ" ಅಂತ ವಾಟ್ಸಾಪ್ ಫಾರ್ವರ್ಡ್ ಮಾಡುವ ಮೊದಲು ಒಂದು ನಿಮಿಷ. ಮಹಾಜನರು ಅಂದರೆ ಅಗ್ರಹಾರದ ಬ್ರಾಹ್ಮಣ ಗೃಹಸ್ಥರು. ಗಾವುಂಡರು ಅಂದರೆ ಭೂಮಿ ಇದ್ದ ಗೌಡರು. ಆ ಕೆರೆಯ ಹೂಳು ಎತ್ತಿದವರು, ಗಾಣದ ಎತ್ತು ಹೊಡೆದವರು, ಅವರ ಮನೆಯ ಹೆಂಗಸರು ಒಪ್ಪ ಹಾಕುವವರ ಸಾಲಿನಲ್ಲಿ ಇರಲಿಲ್ಲ. ಸಭೆಯ ವಿಷಯ ಇಡೀ ಊರಿನದು, ಸಭೆಯ ಚಾಪೆ ಕೆಲವರದು.

*

ಈಗ ಎಂಟುನೂರು ವರ್ಷ ಹಾರೋಣ. ನಡುವೆ ವಿಜಯನಗರ ಬಂದು ಹೋಯಿತು, ಹರಪನಹಳ್ಳಿ ಪಾಳೆಯಗಾರರು ಬಂದು ಹೋದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಭಾಗ ನಿಜಾಮನ ಪಾಲಾಗಿ, ಮರುವರ್ಷವೇ ಅವನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹಸ್ತಾಂತರವಾಯಿತು. ಹಾಗೆ ಬಿಟ್ಟುಕೊಟ್ಟ ಸೀಮೆಗೆ ದತ್ತ ಮಂಡಲ ಅಂತ ಹೆಸರು. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ, 1800ರಿಂದ 1807ರವರೆಗೆ.

ಇಂಡಿಯಾದ ಹಳ್ಳಿ ಅಂದರೆ ಒಂದು "ಪುಟ್ಟ ಗಣರಾಜ್ಯ" ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಗಾಂಧೀವಾದಿಗಳಿಂದ ಹಿಡಿದು ಯುಪಿಎಸ್‌ಸಿ ಕೋಚಿಂಗ್ ನೋಟ್ಸ್ ತನಕ ಎಲ್ಲೆಡೆ ಓಡಾಡುವ ಮಾತು. ಅದನ್ನು ಮೊದಲ ಬಾರಿಗೆ ಬರೆದವರಲ್ಲಿ ಮನ್ರೋ ಒಬ್ಬ. 1806ರಲ್ಲಿ, ಇದೇ ದತ್ತ ಮಂಡಲದಲ್ಲಿ ಕೂತು. ಪ್ರತಿ ಹಳ್ಳಿಯೂ ತನ್ನ ಹನ್ನೆರಡು ಆಯಗಾರರೊಡನೆ ಒಂದು ಪುಟ್ಟ ಗಣರಾಜ್ಯ, ಪಟೇಲ ಅದರ ಮುಖ್ಯಸ್ಥ ಅನ್ನುವುದು ಅವನ ಮಾತಿನ ತಾತ್ಪರ್ಯ. ಅಂದರೆ ಈ ಜಗತ್ಪ್ರಸಿದ್ಧ ಮಾತು ಹುಟ್ಟಿದ್ದು ನಮ್ಮ ಈ ಬಿಸಿಲ ಸೀಮೆಯ ಹಳ್ಳಿಗಳನ್ನು ನೋಡಿ.

ಆಯಗಾರರು ಯಾರು? ಗೌಡ, ಶಾನುಭೋಗ, ತಳವಾರ, ಬಡಗಿ, ಕಮ್ಮಾರ, ಅಗಸ, ಹಜಾಮ, ಜೋಯಿಸ, ಹೀಗೆ. ಊರೂರಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಸಂಬಳ ಇಲ್ಲ. ಸುಗ್ಗಿಯಲ್ಲಿ ಕಣದಿಂದ ಪಾಲು, ಅದಕ್ಕೆ "ಆಯ" ಅಂತ ಹೆಸರು, ಜೊತೆಗೆ ಕೆಲವರಿಗೆ ಮಾನ್ಯದ ಭೂಮಿ. ಈ ಪಟ್ಟಿಯಲ್ಲಿ ಒಂದು ಹೆಸರನ್ನು ಗುರುತು ಹಾಕಿಟ್ಟುಕೊಳ್ಳಿ: ನೀರಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು.

ಮನ್ರೋ ನೋಡಿದ ಗಣರಾಜ್ಯದಲ್ಲಿ ನೀರಗಂಟಿಗೆ ಕೆಲಸ ಇತ್ತು, ಆಯ ಇತ್ತು, ಸಭೆಯಲ್ಲಿ ಕೂರಲು ಜಾಗ ಇರಲಿಲ್ಲ. ನೂರ ನಲವತ್ತು ವರ್ಷ ಆದಮೇಲೆ ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿದವರು ಅಂಬೇಡ್ಕರ್. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತಾ, ಈ ಹಳ್ಳಿ ಗಣರಾಜ್ಯಗಳ ಬಗ್ಗೆ ಬುದ್ಧಿಜೀವಿಗಳಿಗಿರುವ ಪ್ರೀತಿ ತಮಗೆ ಅರ್ಥವಾಗುವುದಿಲ್ಲ, ಹಳ್ಳಿ ಅಂದರೆ ಸಂಕುಚಿತತೆ ಮತ್ತು ಜಾತಿಯ ಕೂಪ ಅನ್ನುವ ಅರ್ಥದಲ್ಲಿ ಮಾತಾಡಿದರು. ಗದ್ದಲವಾಯಿತು. ಅದೇ ತಿಂಗಳು 22ರಂದು ಕೆ. ಸಂತಾನಂ ಅವರ ತಿದ್ದುಪಡಿಯಿಂದ ಪಂಚಾಯ್ತಿಗಳನ್ನು ಕಟ್ಟಬೇಕು ಅನ್ನುವ ಮಾತು ಸಂವಿಧಾನಕ್ಕೆ ಸೇರಿತು, ಈಗಿನ 40ನೇ ವಿಧಿ. ಆದರೆ ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಕೇಳುವಂತಿಲ್ಲ. ಅಂಬೇಡ್ಕರ್ ಎತ್ತಿದ ಆಕ್ಷೇಪಕ್ಕೆ ಕಾನೂನಿನ ಉತ್ತರ ಸಿಗಲು ಇನ್ನೂ ನಾಲ್ಕು ದಶಕ ಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

*

ಬ್ರಿಟಿಷರು ಊರಿನ ಬೋರ್ಡುಗಳನ್ನು ಕಟ್ಟಿದ್ದು ಪ್ರೀತಿಯಿಂದ ಏನಲ್ಲ. ರಸ್ತೆ, ಆಸ್ಪತ್ರೆ, ಶಾಲೆಗೆ ದುಡ್ಡು ಬೇಕಿತ್ತು, ಅದನ್ನು ಸ್ಥಳೀಯರಿಂದಲೇ ಎತ್ತಬೇಕಿತ್ತು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ 1871ರ ಸ್ಥಳೀಯ ನಿಧಿ ಕಾಯ್ದೆ ಬಂದಿದ್ದು ಹಾಗೆ. ಭೂಕಂದಾಯದ ಮೇಲೆ ಸೆಸ್, ಗರಿಷ್ಠ ರೂಪಾಯಿಗೆ ಒಂದಾಣೆ. ಇದಾಗಿ ಐದು ವರ್ಷಕ್ಕೆ 1876-78ರ ಭೀಕರ ಬರ. ಅದರ ಹೊಡೆತ ಅತಿ ಹೆಚ್ಚು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

1882ರ ಮೇ 18ರಂದು ವೈಸ್‌ರಾಯ್ ರಿಪ್ಪನ್ ತನ್ನ ಹೆಸರಾಂತ ನಿರ್ಣಯ ಹೊರಡಿಸಿದ. ಅದರ ಸಾರ ಇಷ್ಟೆ: ಊರಿನವರ ಕೈಗೆ ಕೊಟ್ಟರೆ ಕೆಲಸ ಮೊದಮೊದಲು ಕೆಡಬಹುದು, ಕೆಡಲಿ, ಜನ ರಾಜಕೀಯವಾಗಿ ಕಲಿಯಲು ಬೇರೆ ದಾರಿ ಇಲ್ಲ. ಎಂಥ ಉದಾರ ಮಾತು! ಅದನ್ನು ಜಾರಿ ಮಾಡಲು ಬಂದ 1884ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯ್ದೆ ಮೂರು ಮಜಲು ಕಟ್ಟಿತು: ಜಿಲ್ಲಾ ಬೋರ್ಡು, ತಾಲೂಕು ಬೋರ್ಡು, ಕೆಳಗೆ ದೊಡ್ಡ ಹಳ್ಳಿಗಳಿಗೆ ಯೂನಿಯನ್ ಪಂಚಾಯ್ತಿ. ಜಿಲ್ಲಾ ಬೋರ್ಡಿನ ಅಧ್ಯಕ್ಷ ಯಾರು? ಕಲೆಕ್ಟರ್ ಸಾಹೇಬರೇ. ರಾಜಕೀಯ ಶಿಕ್ಷಣದ ಕ್ಲಾಸಿಗೆ ಮೇಷ್ಟ್ರೂ ಅವರೇ, ಹಾಜರಿಯೂ ಅವರದೇ.

ಈ ಯೂನಿಯನ್ನು ಸಣ್ಣ ಪಟ್ಟಣದ ಬೋರ್ಡುಗಳ ಅಜ್ಜ. ಮನೆಗಳ ಮೇಲೆ ತೆರಿಗೆ ಹಾಕುವುದು, ಆ ದುಡ್ಡಿನಲ್ಲಿ ಬೀದಿಗೆ ದೀಪ, ಕಸ ಗುಡಿಸುವುದು, ಚರಂಡಿ, ಬಾವಿ-ಕೆರೆ ಚೊಕ್ಕಟ, ಊರೊಳಗಿನ ರಸ್ತೆ ರಿಪೇರಿ. ಮತ್ತೆ ಅದೇ ಪಟ್ಟಿ! ಸದಸ್ಯರಲ್ಲಿ ಊರ ಗೌಡರು ಹುದ್ದೆಯ ಕಾರಣದಿಂದಲೇ ಇರುತ್ತಿದ್ದರು, ಉಳಿದವರನ್ನು ಆರಿಸುವಲ್ಲಿ ಮೇಲಿನವರ ಮರ್ಜಿಯೇ ಹೆಚ್ಚು. 1920ರಲ್ಲಿ ಹೊಸ ಕಾಯ್ದೆಗಳು ಬಂದು ಚುನಾವಣೆ ಹೆಚ್ಚಾಯಿತು, ಆದರೂ ಸ್ಥಳೀಯ ಬೋರ್ಡುಗಳ ಓಟು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. 1934ರಲ್ಲಿ ತಾಲೂಕು ಬೋರ್ಡುಗಳನ್ನೇ ರದ್ದು ಮಾಡಿದರು. ಜಿಲ್ಲಾ ಬೋರ್ಡು ದೂರದ ಬಳ್ಳಾರಿಯಲ್ಲಿ, ಊರ ಬೋರ್ಡು ಊರಲ್ಲಿ, ನಡುವೆ ಏನೂ ಇಲ್ಲ.

ಇಲ್ಲಿ ಅರಸೀಕೆರೆಯ ಗಡಿ ಗುಣ ನೆನಪಿಡಬೇಕು. ಇವತ್ತು ಓಟು ಹಾಕಲು ಸೇರಿಕೊಂಡಿರುವ ಜಗಳೂರು ಆಗ ಬೇರೆ ರಾಜ್ಯ, ಮೈಸೂರು ಮಹಾರಾಜರ ಚಿತ್ರದುರ್ಗ ಜಿಲ್ಲೆ. ಹೊಲದ ಬದುವಿನಾಚೆ ಇನ್ನೊಂದು ಕಾನೂನು. ಅಲ್ಲಿ ವಿಶ್ವೇಶ್ವರಯ್ಯನವರ ಕಾಲದ ಗ್ರಾಮ ಸುಧಾರಣೆ, 1926ರ ಮೈಸೂರು ಗ್ರಾಮ ಪಂಚಾಯ್ತಿ ಕಾಯ್ದೆ. ಇಲ್ಲಿ ಮದ್ರಾಸಿನ ಬೋರ್ಡು ಕಾಯ್ದೆ. ಅಲ್ಲಿನ ಕಡತ ಬೆಂಗಳೂರಿಗೆ ಹೋಗುತ್ತಿತ್ತು, ಇಲ್ಲಿನ ಕಡತ ಸಮುದ್ರದ ದಂಡೆಗೆ. ಎರಡೂ ಕಡೆ ಆಡುವ ಮಾತು ಕನ್ನಡ, ಎರಡೂ ಕಡೆ ಕೊರತೆ ನೀರಿನದು.

1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮೈಸೂರಿಗೆ. ಬಳ್ಳಾರಿ ತಾಲೂಕಿನ ಜಗಳ ಮಾತ್ರ ನ್ಯಾಯಮೂರ್ತಿ ಮಿಶ್ರಾ ಆಯೋಗದ ತನಕ ಹೋಗಿ, ಅದೂ ಕೊನೆಗೆ ಮೈಸೂರಿಗೇ ಬಂತು. ಬಳ್ಳಾರಿ ಪೇಟೆಯಲ್ಲಿ ಮೆರವಣಿಗೆ, ಘೋಷಣೆ, ಲಾಠಿ ಎಲ್ಲ ಆಗಿದೆ. ಪುಸ್ತಕಗಳಲ್ಲಿ ಅದೇ ಇದೆ, ಇರಲೂಬೇಕು. ಆದರೆ ಅಕ್ಟೋಬರ್ 2ರ ಬೆಳಗ್ಗೆ ಇಂಥ ಊರುಗಳಲ್ಲಿ ಹೆಂಗಸರು ಕೊಡ ಹಿಡಿದು ಹೋಗಿದ್ದು ಹಿಂದಿನ ದಿನ ಹೋದ ಬಾವಿಗೇ ತಾನೆ?

*

ರಾಜ್ಯ ಒಂದಾದರೂ ಪಂಚಾಯ್ತಿ ಕಾನೂನು ಒಂದಾಗಿರಲಿಲ್ಲ. ಮುಂಬೈ ಭಾಗಕ್ಕೊಂದು, ಹೈದರಾಬಾದ್ ಭಾಗಕ್ಕೊಂದು, ಮದ್ರಾಸಿನದೊಂದು, ಹಳೇ ಮೈಸೂರಿನದೊಂದು, ಕೊಡಗಿನದೊಂದು. ಅವನ್ನೆಲ್ಲ ಒಟ್ಟು ಮಾಡಿ 1959ರ ಕಾಯ್ದೆ ಬಂತು. ನಮ್ಮ ಅಪ್ಪ-ಅಜ್ಜಂದಿರು ಹೇಳುತ್ತಿದ್ದ "ಟಿಡಿಬಿ", ತಾಲೂಕು ಡೆವಲಪ್‌ಮೆಂಟ್ ಬೋರ್ಡು, ಆ ಕಾಲದ್ದು. 1963ರ ಫೆಬ್ರುವರಿ 1ರಿಂದ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಜಾರಿಗೆ ಬಂದು ವಂಶಪಾರಂಪರ್ಯದ ಗೌಡಿಕೆ, ಶಾನುಭೋಗಿಕೆ ಮುಗಿಯಿತು. ಮನ್ರೋನ ಗಣರಾಜ್ಯದ ಮುಖ್ಯಸ್ಥ ನಿವೃತ್ತನಾದ. ಅಧಿಕೃತವಾಗಿ ಅನ್ನಿ. ಊರಿನ ಕಟ್ಟೆಯ ಮೇಲೆ ಅವನ ಜಾಗ ಇನ್ನೂ ಇತ್ತು.

ಚಾಪೆ ನಿಜವಾಗಿ ಅಗಲವಾಗಿದ್ದು 1987ರ ಜನವರಿಯಲ್ಲಿ. 1983ರ ಕಾಯ್ದೆಯ ಮಂಡಲ ಪಂಚಾಯ್ತಿ ಚುನಾವಣೆ. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಇದರ ಹಿಂದಿನ ಜೀವ. ಬೋರ್‌ವೆಲ್ ಕೊರೆಸಿ ಕೊರೆಸಿ ಜನರ ಬಾಯಲ್ಲಿ "ನೀರ್ ಸಾಬ್" ಆದವರು. ಪಂಚಾಯ್ತಿಗೆ ಅಧಿಕಾರ ಕೊಟ್ಟ ಮನುಷ್ಯನಿಗೂ ಜನ ಇಟ್ಟ ಹೆಸರು ನೀರಿನದೇ, ನೋಡಿ. ಶೇಕಡ 25ರಷ್ಟು ಸೀಟು ಹೆಂಗಸರಿಗೆ. ದೇಶದ ಸಂವಿಧಾನಕ್ಕೆ ಆ ಮಾತು ಬರುವ ಆರು ವರ್ಷ ಮೊದಲೇ ಕರ್ನಾಟಕ ಮಾಡಿ ತೋರಿಸಿತ್ತು.

1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂತು. ಅದೇ ಮೇ 10ರಂದು ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ. ನಾನೂರು ಜನಕ್ಕೊಬ್ಬ ಸದಸ್ಯ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜನಸಂಖ್ಯೆಗೆ ತಕ್ಕ ಸೀಟು. ಹೆಂಗಸರಿಗೆ ಮೂರನೇ ಒಂದು, 2010ರಿಂದ ಅರ್ಧ. ಅಧ್ಯಕ್ಷರ ಕುರ್ಚಿಗೂ ಮೀಸಲಾತಿಯ ಸರದಿ. ಅಂಬೇಡ್ಕರ್ ಕೇಳಿದ್ದಕ್ಕೆ ಉತ್ತರ ಅಂದೆನಲ್ಲ, ಇದು ಅದು. ಪೂರ್ತಿ ಉತ್ತರ ಅಂತ ನಾನು ಹೇಳುವುದಿಲ್ಲ. ಆದರೆ ನಡಾವಳಿ ಪುಸ್ತಕದ ಸಹಿ ಪುಟ ತೆರೆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಿಂದೆ ಯಾರ ಹೆಸರು ಕೆಲಸಗಾರರ ಪಟ್ಟಿಯಲ್ಲಷ್ಟೇ ಇರುತ್ತಿತ್ತೋ ಅವರ ಮನೆತನದವರು ಇಲ್ಲಿ ಸೂಚಕರು, ಅನುಮೋದಕರು. ನಡುವೆ ಒಂದೊಂದು ನೀಲಿ ಹೆಬ್ಬೆಟ್ಟು. ಅದೂ ಒಪ್ಪವೇ.

ಈ ಸಹಿಗಳಿಂದ ನಲ್ಲಿಯಲ್ಲಿ ಏನಾದರೂ ಬದಲಾಗುತ್ತದಾ? ಬದಲಾಗುತ್ತದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯ್ತಿಗಳನ್ನು ನೋಡಿತ್ತು. ಮೀಸಲಾತಿಯಿಂದ ಹೆಂಗಸರು ಮುಖ್ಯಸ್ಥರಾದ ಕಡೆ ಕುಡಿಯುವ ನೀರಿನ ಮೇಲೆ ಹೆಚ್ಚು ಹಣ ಹೋಗಿತ್ತು. ಡುಫ್ಲೋಗೆ ಆಮೇಲೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೊಡ ಹೊರುವವರು ಕುರ್ಚಿಯಲ್ಲಿ ಕೂತರೆ ನೀರಿಗೆ ದುಡ್ಡು ಹೋಗುತ್ತದೆ ಅಂತ ನಮ್ಮೂರ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು ಅನ್ನಿ. ಆದರೂ ಲೆಕ್ಕ ಹಾಕಿ ತೋರಿಸಿದ್ದು ಒಳ್ಳೆಯದಾಯಿತು.

ಇನ್ನು ಕೊಳಕನ್ನೂ ಹೇಳಿಬಿಡುತ್ತೇನೆ. ಅಧ್ಯಕ್ಷೆಯ ಕುರ್ಚಿ ಪಕ್ಕದಲ್ಲಿ ಅವರ ಗಂಡ ಕೂತು ಸಭೆ ನಡೆಸುವುದನ್ನು ನಾನೇ ನೋಡಿದ್ದೇನೆ. ಕೋರಂ ಇಲ್ಲದ ಸಭೆಯ ಪುಸ್ತಕವನ್ನು ಬೈಕಿನಲ್ಲಿ ಮನೆಮನೆಗೆ ಒಯ್ದು ಸಹಿ ಹಾಕಿಸಿಕೊಳ್ಳುವ ಕಲೆ ನಮ್ಮ ನಾಡಿನಲ್ಲಿ ಚೆನ್ನಾಗಿ ಬೆಳೆದಿದೆ. ಸದಸ್ಯನೇ ಬೇನಾಮಿ ಕಂಟ್ರಾಕ್ಟರ್ ಆಗುವುದಂತೂ ಸುದ್ದಿಯೇ ಅಲ್ಲ. ಆದರೆ ಸುಳ್ಳು ನಡಾವಳಿಗೂ ಒಂದು ಉಪಯೋಗ ಇದೆ. ಚರಂಡಿ ಆಗಿದೆ ಅಂತ ಬರೆದಿದ್ದರೆ, ಪುಟದ ನಂಬರು ಹೇಳಿ, ಎಲ್ಲಿದೆ ತೋರಿಸಪ್ಪಾ ಅನ್ನಬಹುದು. ವರ್ಷಕ್ಕೊಮ್ಮೆ ಜಮಾಬಂದಿ ಅಂತ ನಡೆಯುತ್ತದಲ್ಲ, ಅಲ್ಲಿ ಲೆಕ್ಕ ಓದಬೇಕು, ಮಾಡಿದ ಕಾಮಗಾರಿ ತೋರಿಸಬೇಕು. ಸಾಮಾನ್ಯವಾಗಿ ಅಲ್ಲಿ ಜೋರು ಗದ್ದಲವಾಗುತ್ತದೆ. ಗದ್ದಲ ಆಗುವುದು ಏನೋ ಒಂದು ಬರೆದಿಟ್ಟಿದ್ದಾರೆ ಅನ್ನುವ ಕಾರಣಕ್ಕೆ.

*

ಈಗ ನಿಮ್ಮ ಕಡೆ ಬರೋಣ. ಬಹುಶಃ ಇದನ್ನು ಮೆಟ್ರೋದಲ್ಲೋ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೋ ಓದುತ್ತಿದ್ದೀರಿ. 2020ರ ಸೆಪ್ಟೆಂಬರ್ 10ರಂದು ಬಿಬಿಎಂಪಿಯ 198 ವಾರ್ಡುಗಳ ಕೌನ್ಸಿಲ್ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದು ಕೂತರು. ಕೊರೊನಾ, ವಾರ್ಡು ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಅದೇ 2020ರ ಡಿಸೆಂಬರ್ 22 ಮತ್ತು 27ರಂದು, ಅದೇ ಕೊರೊನಾ ನಡುವೆ, ರಾಜ್ಯದ ಹಳ್ಳಿಗಳು ಮಾಸ್ಕ್ ಹಾಕಿಕೊಂಡು ಸಾಲಲ್ಲಿ ನಿಂತು ಗ್ರಾಮ ಪಂಚಾಯ್ತಿಗೆ ಓಟು ಹಾಕಿದವು. ಅಂದರೆ ಐಟಿ ಕಂಪನಿಗಳ ನಗರಕ್ಕೆ ಚುನಾಯಿತ ಬೋರ್ಡು ಇಲ್ಲದ ವರ್ಷಗಳಲ್ಲಿ ಹಳ್ಳಿಗಳಿಗೆ ಇತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಕೊನೆಯ ಐದು ವರ್ಷ ಒಬ್ಬ ಕಾರ್ಪೊರೇಟರೂ ಇಲ್ಲದೆ ಬಿಬಿಎಂಪಿ ಅನ್ನುವ ಹೆಸರೇ ಇತಿಹಾಸ ಸೇರಿತು.

ಹಳ್ಳಿಯ ಕಡೆಯೂ ಎಲ್ಲ ಸರಿ ಅಂತಲ್ಲ. 2021ರಲ್ಲಿ ಅವಧಿ ಮುಗಿದ ತಾಲೂಕು, ಜಿಲ್ಲಾ ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. 1934ರ ಹಾಗೆ ಊರಿಗೂ ರಾಜಧಾನಿಗೂ ನಡುವೆ ಮತ್ತೆ ಖಾಲಿ ಜಾಗ. ಆದರೆ ಆಗ ಕಾಯ್ದೆ ತಂದು ರದ್ದು ಮಾಡಿದ್ದರು. ಈಗ ಅಷ್ಟು ಕಷ್ಟವೂ ಬೇಡ, ಚುನಾವಣೆ ಮಾಡದಿದ್ದರೆ ಸಾಕು.

ಬೋರ್ಡು ಇಲ್ಲದಿದ್ದರೆ ಏನಾಗುತ್ತದೆ? ನೀರು ನಿಲ್ಲುವುದಿಲ್ಲ, ದೀಪ ಆರುವುದಿಲ್ಲ. ಅಧಿಕಾರಿಗಳು ನಡೆಸುತ್ತಾರೆ, ಕೆಲವೊಮ್ಮೆ ಚೆನ್ನಾಗಿಯೇ ನಡೆಸುತ್ತಾರೆ. ಆದರೆ ನಮ್ಮ ಬೀದಿಗೆ ಬಾರದೆ ಆ ಬೀದಿಗೆ ನೀರು ಹೋದದ್ದು ಯಾಕೆ ಅಂತ ಕೇಳಿದರೆ, ಚರ್ಚಿಸಿದವರು ಯಾರು, ಸೂಚಿಸಿದವರು ಯಾರು, ಬೇಡ ಅಂದವರು ಯಾರು ಅನ್ನುವ ಪುಟ ಇರುವುದಿಲ್ಲ. ಆದೇಶ ಇರುತ್ತದೆ, ನಡಾವಳಿ ಇರುವುದಿಲ್ಲ. ಆದೇಶದ ಜೊತೆ ಜಗಳ ಆಡುವುದು ಕಷ್ಟ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ನಿಂತವರಿಗೆ ಇದು ಗೊತ್ತಿದೆ. ಕಸ್ಟಮರ್ ಕೇರ್ ನಂಬರ್ ಇತ್ತು. ಮನೆ ಬಾಗಿಲಿಗೆ ಹೋಗಿ ಬೈಯಲು ಒಬ್ಬ ಮೆಂಬರ್ ಇರಲಿಲ್ಲ.

ಅಂದು ಸರ್ವರ್ ಬಂತು, ನನ್ನ ನಮೂನೆ ಪ್ರಿಂಟಾಯಿತು. ಹೊರಡುವಾಗ ಗೋಡೆಯ ಮೇಲೆ ಸಿಬ್ಬಂದಿಯ ಬೋರ್ಡು ಕಂಡಿತು. ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್. ಕೊನೆಯ ಸಾಲಿನಲ್ಲಿ: ನೀರಗಂಟಿ. ಅದೇ ಪದ. ಮನ್ರೋನ ಕಾಲದಲ್ಲಿ ತೂಬು ಎತ್ತುತ್ತಿದ್ದವನು ಈಗ ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸುತ್ತಾನೆ. ಈ ಓಣಿಗೆ ಇಷ್ಟು ಹೊತ್ತು, ಆ ಓಣಿಗೆ ಅಷ್ಟು ಹೊತ್ತು. ಕಣದ ಆಯದ ಬದಲು ಸಂಬಳ ಬರುತ್ತದೆ, ಅದೂ ಎಷ್ಟೋ ಕಡೆ ತಡವಾಗಿ.

ಒಂದೇ ಒಂದು ವ್ಯತ್ಯಾಸ ಇದೆ, ಸಾವಿರ ವರ್ಷ ಹಿಡಿದ ವ್ಯತ್ಯಾಸ. ಇವತ್ತು ಆ ನೀರಗಂಟಿಯ ಮನೆಯ ಹೆಣ್ಣುಮಗಳು ಚುನಾವಣೆಗೆ ನಿಲ್ಲಬಹುದು, ಗೆಲ್ಲಬಹುದು, ಪಂಚಾಯ್ತಿ ಸಭೆಯಲ್ಲಿ ಕೂತು "ವಿಷಯ 2: ಕುಡಿಯುವ ನೀರು" ಅಂತ ಓದಿದಾಗ ಕೈ ಎತ್ತಬಹುದು. ಆಮೇಲೆ ಸುದೀರ್ಘವಾಗಿ ಚರ್ಚೆ ಆಗಲಿ.